ಗುಡ್ಡಕ್ಕೊಂದು ಕುರ್ಚಿ: ಚಾರಣದಲ್ಲಿ ಹಗುರ ಕುರ್ಚಿ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಪೊಸಡಿಗುಂಪೆ ಗುಡ್ಡದ ಬುಡದಲ್ಲಿ ಅಮ್ಮ ಒಂದು ಸಲ ಹೇಳಿದ್ದರು, "ನೀವು ಹತ್ತಿ ಬನ್ನಿ, ನಾನು ಕಾರಿನಲ್ಲೇ ಕೂತಿರುತ್ತೇನೆ." ಅವರಿಗೆ ಆಗ 67 ವರ್ಷ. ದಿನಾ ತೋಟದಲ್ಲಿ ಓಡಾಡುವವರು. ಗುಡ್ಡ ಹತ್ತುವುದು ಅವರಿಗೆ ಕಷ್ಟವಾಗಿರಲಿಲ್ಲ. ನಡುವೆ ದಣಿವಾರಿಸಿಕೊಳ್ಳಲು ನೆಲದ ಮೇಲೆ ಕೂರುವುದು ಕಷ್ಟ. ಕೂತಲ್ಲಿಂದ ಏಳುವುದು ಇನ್ನೂ ಕಷ್ಟ. ಇಬ್ಬರು ಕೈ ಹಿಡಿದು ಎಬ್ಬಿಸಬೇಕು ಅಂತಾದರೆ ಅವರು ಬರುವುದೇ ಇಲ್ಲ.

ಮುಂದಿನ ಡಿಸೆಂಬರಿನಲ್ಲಿ ನನ್ನ ಚೀಲದಲ್ಲಿ ಮಡಚುವ ಕುರ್ಚಿ ಇತ್ತು. ತೂಕ ಒಂದು ಕೆಜಿಗೆ ಸ್ವಲ್ಪ ಕಮ್ಮಿ. ಅಮ್ಮ ದಾರಿಯಲ್ಲಿ ಎರಡು ಸಲ ಕೂತರು. ತುದಿಯಲ್ಲಿ ಮುಕ್ಕಾಲು ಗಂಟೆ ಕೂತರು. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಸಾಲು. ಮಾತೇ ಆಡಲಿಲ್ಲ.

ಅವತ್ತಿನಿಂದ ನಾನು ಕುರ್ಚಿ ಇಲ್ಲದೆ ಗುಡ್ಡಕ್ಕೆ ಹೋಗಿಲ್ಲ. ಪೊಸಡಿಗುಂಪೆ, ರಾಣಿಪುರಂ, ಕೋಟ್ಟಂಚೇರಿ, ಬೇಕಲದ ಕಡಲ ಬದಿ, ಎಲ್ಲ ಕಡೆ ಒಯ್ದಿದ್ದೇನೆ. ಕುರ್ಚಿ ತಂದೂ ಸುಖ ಕಾಣದವರನ್ನು ದಾರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರ ಕುರ್ಚಿಗಳೆಲ್ಲ ಒಳ್ಳೆಯವೇ. ಇಟ್ಟ ಜಾಗ ಸರಿ ಇರಲಿಲ್ಲ, ಕೂತ ಕ್ರಮ ಸರಿ ಇರಲಿಲ್ಲ. ಅದಕ್ಕೇ ಇಲ್ಲಿ ಕೊಳ್ಳುವ ವಿಷಯ ಸ್ವಲ್ಪ, ಇಡುವ ವಿಷಯ ಜಾಸ್ತಿ.

ಯಾವ ಬಗೆಯದ್ದು ಬೇಕು

ಎಲ್ಲಕ್ಕಿಂತ ಹಗುರ ಅಂದರೆ ಫೋಮ್ ಹಾಸು. ಮಡಚಿದರೆ ಒಂದು ಪುಸ್ತಕದಷ್ಟು. 50ರಿಂದ 100 ಗ್ರಾಂ ತೂಗುತ್ತದೆ. ಒದ್ದೆ ಮತ್ತು ತಂಪು ತಾಗುವುದಿಲ್ಲ. ಬೆನ್ನಿಗೆ ಮಾತ್ರ ಆಸರೆ ಸಿಗುವುದಿಲ್ಲ.

ಆಮೇಲೆ ಕಾಲಿಲ್ಲದ ಕುರ್ಚಿ. ಸೀಟು ಮತ್ತು ಬೆನ್ನು ಎರಡೂ ಫೋಮಿನವು, ಎರಡು ಬದಿಯಲ್ಲಿ ಪಟ್ಟಿ. ನೀವು ಹಿಂದೆ ಒರಗಿದಾಗ ನಿಮ್ಮ ತೂಕವೇ ಪಟ್ಟಿಯನ್ನು ಎಳೆದು ಬೆನ್ನನ್ನು ನಿಲ್ಲಿಸುತ್ತದೆ. ಅಮೆರಿಕದ ಕ್ರೇಜಿ ಕ್ರೀಕ್ ಕಂಪೆನಿ 1987ರಿಂದ ಇಂಥದ್ದನ್ನು ಮಾಡುತ್ತಿದೆ. ತೂಕ ಅರ್ಧ ಕೆಜಿಯ ಆಸುಪಾಸು. ಮುರಿಯುವ ಭಾಗ ಏನೂ ಇಲ್ಲ. ನೆಲದಲ್ಲಿ ಕೂತು ಏಳಲು ತೊಂದರೆ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಬೇಡ ಅಂತ ನನ್ನ ಅಭಿಪ್ರಾಯ.

ಮೂರು ಕಾಲಿನ ಸ್ಟೂಲು ಇನ್ನೊಂದು ಬಗೆ. ಮೂರು ಕಾಲು ಎಂಥ ಏರುಪೇರು ನೆಲದಲ್ಲೂ ಅಲುಗಾಡದೆ ನಿಲ್ಲುತ್ತದೆ. ನಾಲ್ಕು ಕಾಲಿನದ್ದು ಹಾಗಲ್ಲ, ಒಂದು ಕಾಲು ಯಾವಾಗಲೂ ಗಾಳಿಯಲ್ಲಿ. ಸ್ಟೂಲು ಎತ್ತರ ಇರುವುದರಿಂದ ಏಳುವುದೂ ಸುಲಭ. ಆದರೆ ಅದಕ್ಕೆ ಬೆನ್ನಿಲ್ಲ. ಐದು ನಿಮಿಷ ಕೂರಲು ಸರಿ, ಅರ್ಧ ಗಂಟೆ ಕೂರಲು ಸಾಲದು.

ಈಗ ಎಲ್ಲರೂ ಚಾರಣದ ಕುರ್ಚಿ ಅಂತ ಹೇಳುವುದು ನಾಲ್ಕನೆಯ ಬಗೆಗೆ. ಅಲ್ಯೂಮಿನಿಯಂ ಕೋಲುಗಳ ಹಂದರ, ಅದರ ಮೇಲೆ ತೊಟ್ಟಿಲಿನ ಹಾಗೆ ಬಿಗಿದ ಬಟ್ಟೆ. ಕೋಲುಗಳ ಒಳಗೆ ರಬ್ಬರ್ ಹುರಿ ಇರುತ್ತದೆ, ಟೆಂಟಿನ ಕೋಲಿನ ಹಾಗೆಯೇ. ಇದನ್ನು ಜನಪ್ರಿಯ ಮಾಡಿದ ಹೆಲಿನಾಕ್ಸ್ ಹುಟ್ಟಿದ್ದೂ ಟೆಂಟಿನ ಕೋಲು ಮಾಡುವ ಕೊರಿಯಾದ ಡಿಎಸಿ ಕಂಪೆನಿಯಿಂದ. ಅವರ ಚೇರ್ ಝೀರೋ ಸುಮಾರು ಅರ್ಧ ಕೆಜಿ, 120 ಕೆಜಿ ಹೊರುತ್ತದೆ. ಚೇರ್ ಒನ್ ಒಂದು ಕೆಜಿಗೆ ಹತ್ತಿರ, 145 ಕೆಜಿ ಹೊರುತ್ತದೆ. ಇದೇ ಮಾದರಿಯಲ್ಲಿ ಬೇರೆ ಕಂಪೆನಿಗಳ ಕಮ್ಮಿ ಬೆಲೆಯ ಕುರ್ಚಿಗಳು ಬೇಕಾದಷ್ಟಿವೆ. ಅವು ಕೆಟ್ಟವಲ್ಲ. ಸ್ವಲ್ಪ ಭಾರ ಇರುತ್ತವೆ, ಅಷ್ಟೇ.

ಮದುವೆ ಚಪ್ಪರದಲ್ಲಿ ಇಡುವಂಥ ಕಬ್ಬಿಣದ ಮಡಚುವ ಕುರ್ಚಿ ಹೊತ್ತುಕೊಂಡು ಗುಡ್ಡ ಹತ್ತಬೇಡಿ. ಅದರ ಜಾಗ ಕಾರಿನ ಡಿಕ್ಕಿ.

ಕೊಳ್ಳುವಾಗ

ತೂಕಕ್ಕಿಂತ ಮೊದಲು ಸೀಟಿನ ಎತ್ತರ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ. ಅತಿ ಹಗುರ ಕುರ್ಚಿಯ ಸೀಟು ನೆಲದಿಂದ ಸುಮಾರು 28 ಸೆಂ.ಮೀ. ಮಾತ್ರ. ನಮ್ಮ ಊಟದ ಕುರ್ಚಿ 45 ಸೆಂ.ಮೀ. ಇರುತ್ತದೆ. ಸೀಟು ತಗ್ಗಾದಷ್ಟೂ ಏಳುವಾಗ ಮೊಣಕಾಲಿಗೂ ಸೊಂಟಕ್ಕೂ ಭಾರ ಜಾಸ್ತಿ. 400 ಗ್ರಾಂ ಉಳಿಸಲು ಹೋಗಿ ತಗ್ಗಿನ ಕುರ್ಚಿ ತಂದರೆ, ಯಾರಿಗಾಗಿ ತಂದಿರೋ ಅವರೇ ಅದರಲ್ಲಿ ಕೂರುವುದಿಲ್ಲ. ಅಮ್ಮನಿಗೆ 35 ಸೆಂ.ಮೀ. ಸಾಕಾಗುತ್ತದೆ, ಕೈಯಲ್ಲಿ ಕೋಲು ಇದ್ದರೆ. ಭಾವನಿಗೆ ಎರಡೂ ಮೊಣಕಾಲು ನೋವು, ಅವರಿಗೆ 42 ಸೆಂ.ಮೀ. ಬೇಕು.

ಆಮೇಲೆ ಹೊರುವ ತೂಕ. ನಿಮ್ಮ ತೂಕಕ್ಕಿಂತ 25–30 ಕೆಜಿ ಜಾಸ್ತಿ ಬರೆದಿರುವುದನ್ನೇ ತೆಗೆದುಕೊಳ್ಳಿ. ಕೂರುವಾಗ ದೊಪ್ಪನೆ ಬಿದ್ದರೆ ಕುರ್ಚಿಯ ಮೇಲೆ ಬೀಳುವ ಭಾರ ನಿಮ್ಮ ತೂಕಕ್ಕಿಂತ ಎಷ್ಟೋ ಹೆಚ್ಚು.

ಮೂರನೆಯದಾಗಿ ಹೊಲಿಗೆ. ಬಟ್ಟೆಯ ನಾಲ್ಕು ಮೂಲೆಯಲ್ಲಿ ಕೋಲಿನ ತುದಿ ಸಿಕ್ಕಿಸುವ ಕಿಸೆ ಇರುತ್ತದೆ. ನಿಮ್ಮ ಪೂರ್ತಿ ಭಾರ ನಿಲ್ಲುವುದು ಆ ನಾಲ್ಕು ಕಿಸೆಯಲ್ಲಿ. ಅಲ್ಲಿ ಎರಡು ಮೂರು ಸಾಲು ಹೊಲಿಗೆ ಇರಬೇಕು, ಬಟ್ಟೆ ದಪ್ಪ ಇರಬೇಕು. ಒಂದೇ ಸಾಲು ಹೊಲಿಗೆ ಕಂಡರೆ ಅಲ್ಲೇ ಇಟ್ಟು ಬನ್ನಿ.

ಸಾಧ್ಯವಾದರೆ ಅಂಗಡಿಯಲ್ಲೇ 10 ನಿಮಿಷ ಕೂತು ನೋಡಿ. ಒಂದು ನಿಮಿಷ ಎಲ್ಲ ಕುರ್ಚಿಯೂ ಹಿತವೇ.

ಮೊದಲು ಅಂಗಳದಲ್ಲಿ

ಗುಡ್ಡದ ಮೇಲೆ ಮೊದಲ ಸಲ ಚೀಲ ಬಿಚ್ಚಬೇಡಿ. ಮನೆಯ ಅಂಗಳದಲ್ಲಿ ನಾಲ್ಕೈದು ಸಲ ಜೋಡಿಸಿ ಬಿಚ್ಚಿ. ಜೋಡಿಸುವ ಕ್ರಮ ಹೀಗೆ.

1. ಕೋಲುಗಳನ್ನು ಹೊರಗೆ ತೆಗೆಯಿರಿ. ಒಳಗಿನ ರಬ್ಬರ್ ಹುರಿ ತಾನಾಗಿ ಅವನ್ನು ಎಳೆದು ಕೂಡಿಸುತ್ತದೆ. ಸುಮ್ನೆ ಎಸೆದು ಚಟ್ ಅಂತ ಕೂಡಿಕೊಳ್ಳಲು ಬಿಡಬೇಡಿ, ಕೋಲಿನ ಬಾಯಿ ಸೀಳುತ್ತದೆ. ಕೈಯಲ್ಲಿ ಹಿಡಿದು ಒಂದೊಂದಾಗಿ ಸೇರಿಸಿ.

2. ಕೋಲುಗಳು ಸೇರುವ ಪ್ರತಿ ಜಾಗವನ್ನೂ ಬೆರಳಿನಿಂದ ಮುಟ್ಟಿ ನೋಡಿ. ನಡುವೆ ಸ್ವಲ್ಪವೂ ಸಂದು ಇರಬಾರದು. ಮುಖ್ಯವಾಗಿ, ಎಲ್ಲ ಕೋಲು ಬಂದು ಸೇರುವ ಪ್ಲಾಸ್ಟಿಕ್ ಹಬ್ಬಿನಲ್ಲಿ.

3. ಹೆಚ್ಚಿನ ಕುರ್ಚಿಗಳಲ್ಲಿ ಉದ್ದ ಕೋಲು ಬೆನ್ನಿನ ಕಡೆಗೆ, ಗಿಡ್ಡ ಕೋಲು ಮುಂದಕ್ಕೆ. ಮೊದಲು ಬೆನ್ನಿನ ಎರಡು ಕಿಸೆ ಹಾಕಿ. ಆಮೇಲೆ ಮುಂದಿನ ಎರಡು.

4. ಕೊನೆಯ ಕಿಸೆ ಬಿಗಿ ಇರುತ್ತದೆ. ಹೊಸ ಕುರ್ಚಿಯಲ್ಲಿ ಇನ್ನೂ ಬಿಗಿ. ಹಬ್ಬನ್ನು ಮೊಣಕಾಲಿಗೆ ಒತ್ತಿ ಹಿಡಿದು, ಕಿಸೆಯನ್ನು ಕೋಲಿನ ತುದಿಗೆ ಎಳೆಯಿರಿ. ಬೆರಳು ನಡುವೆ ಸಿಕ್ಕದಂತೆ ನೋಡಿಕೊಳ್ಳಿ. ಹತ್ತು ಸಲ ಕೂತ ಮೇಲೆ ಬಟ್ಟೆ ಸ್ವಲ್ಪ ಸಡಿಲವಾಗುತ್ತದೆ.

5. ಕೂರುವ ಮೊದಲು ಎರಡೂ ಅಂಗೈಯಿಂದ ಸೀಟನ್ನು ಬಲವಾಗಿ ಅದುಮಿ. ಟಕ್ ಅಂತ ಸದ್ದು ಬಂದರೆ ಏನೋ ಸರಿ ಕೂತಿಲ್ಲ ಅಂತ ಅರ್ಥ.

ಐದನೆಯದನ್ನು ನಾನು ನೋವು ತಿಂದು ಕಲಿತೆ. ರಾಣಿಪುರಂನ ಹುಲ್ಲುಗಾವಲಿನಲ್ಲಿ ಮಳೆ ಬರುವ ಹಾಗಿತ್ತು. ಅವಸರದಲ್ಲಿ ಜೋಡಿಸಿದೆ. ಒಂದು ಕೋಲು ಹಬ್ಬಿನ ಒಳಗೆ ಅರ್ಧ ಮಾತ್ರ ಹೋಗಿತ್ತು. ಕೂತ ಕೂಡಲೇ ಹಬ್ಬು ಸೀಳಿತು, ಮೊಣಕೈ ಕಲ್ಲಿಗೆ ಬಡಿಯಿತು. ಗಾಯ ಸಣ್ಣದು. ಆದರೆ ಅವತ್ತು ಜೊತೆಗಿದ್ದವರಲ್ಲಿ ಯಾರಿಗೂ ಕೂರಲು ಕುರ್ಚಿ ಉಳಿಯಲಿಲ್ಲ, ಅದು ಹೆಚ್ಚು ಬೇಜಾರಾದದ್ದು. ಅದುಮಿ ನೋಡಲು ಐದು ಸೆಕೆಂಡ್ ಸಾಕಿತ್ತು.

ಕೂರುವುದಕ್ಕೂ ಒಂದು ಕ್ರಮ ಇದೆ. ಕುರ್ಚಿಗೆ ಬೆನ್ನು ಮಾಡಿ ನಿಲ್ಲಿ. ಸೀಟಿನ ಅಂಚು ಮೀನಖಂಡಕ್ಕೆ ತಾಗುವವರೆಗೆ ಹಿಂದೆ ಸರಿಯಿರಿ. ಕೈಯಿಂದ ಹಿಂದೆ ಮುಟ್ಟಿ ನೋಡಿ, ಮೆಲ್ಲ ಇಳಿಯಿರಿ. ಭಾರ ನಡುವಿಗೆ ಬೀಳಬೇಕು. ಏಳುವಾಗ ಮೊದಲು ಸೀಟಿನ ಅಂಚಿಗೆ ಸರಿಯಿರಿ. ಪಾದಗಳನ್ನು ಹಿಂದಕ್ಕೆ, ಮೊಣಕಾಲಿನ ಕೆಳಗೆ ಎಳೆದುಕೊಳ್ಳಿ. ಮೂಗು ಕಾಲಿನ ಹೆಬ್ಬೆರಳಿಗಿಂತ ಮುಂದೆ ಬರುವಷ್ಟು ಬಾಗಿ. ತೊಡೆಯ ಮೇಲೆ ಕೈ ಊರಿ, ಅಥವಾ ಕೋಲು ಹಿಡಿದು ಏಳಿ. ಕುರ್ಚಿಯ ಹಂದರವನ್ನು ಒತ್ತಿ ಏಳಬೇಡಿ. ಒಂದೇ ಬದಿಗೆ ಭಾರ ಬಿದ್ದರೆ ಅದು ಮಗುಚುತ್ತದೆ. ಅಮ್ಮ ಇದನ್ನು ಎರಡು ಸಂಜೆ ಅಂಗಳದಲ್ಲಿ ಅಭ್ಯಾಸ ಮಾಡಿದರು. ಗುಡ್ಡದ ಮೇಲೆ ಯಾರ ಕೈಯೂ ಬೇಕಾಗಲಿಲ್ಲ.

ಚೀಲದಲ್ಲಿ

ಕುರ್ಚಿಯ ಕಟ್ಟು ಸುಮಾರು 35 ಸೆಂ.ಮೀ. ಉದ್ದ ಇರುತ್ತದೆ. ಚೀಲದ ಒಳಗೆ ನೆಟ್ಟಗೆ, ಬೆನ್ನಿಗೆ ಹತ್ತಿರ ನಿಲ್ಲಿಸಿ. ಅದು ಬೆನ್ನಿಗೆ ಒತ್ತದ ಹಾಗೆ ನಡುವೆ ಬೈರಾಸು (ಟವೆಲು) ಮಡಚಿ ಇಡಿ. ಹೊರಗೆ ನೇತಾಡಿಸಿದರೆ ಪ್ರತಿ ಹೆಜ್ಜೆಗೂ ಒಂದು ಬದಿಗೆ ಎಳೆಯುತ್ತದೆ. ಕಾಡುದಾರಿಯಲ್ಲಿ ಬಳ್ಳಿಗೂ ಸಿಕ್ಕುತ್ತದೆ. ಇನ್ನೊಂದು ಮಾತು. ಕುರ್ಚಿ ಹಿಡಿಸಲು ನೀರು ಕಮ್ಮಿ ಮಾಡಬೇಡಿ. ನಮ್ಮ ಕಡೆಯ ಸೆಕೆಗೆ ಅರ್ಧ ದಿನದ ನಡಿಗೆಗೆ ಒಬ್ಬರಿಗೆ 2 ಲೀಟರ್ ಬೇಕು, ಅಂದರೆ 2 ಕೆಜಿ. ಅಷ್ಟು ಹೊರಲು ಆಗದಿದ್ದರೆ ಕುರ್ಚಿಯನ್ನು ಬಿಡಿ, ನೀರನ್ನಲ್ಲ. ನಾಲ್ಕು ಜನ ಹೋಗುವಾಗ ಎರಡು ಕುರ್ಚಿ ಸಾಕು, ಸರದಿಯಲ್ಲಿ ಹೊರಬಹುದು, ಸರದಿಯಲ್ಲಿ ಕೂರಬಹುದು.

ಎಲ್ಲಿ ಇಡುವುದು

ಇದೇ ಮುಖ್ಯ ವಿಷಯ. ಒಂದು ಸಣ್ಣ ಲೆಕ್ಕ ಮಾಡೋಣ. 70 ಕೆಜಿಯ ಮನುಷ್ಯ ಕೂತರೆ ನಾಲ್ಕು ಕಾಲಿಗೆ ಹಂಚಿ ಒಂದೊಂದಕ್ಕೆ 17 ಕೆಜಿಗಿಂತ ಜಾಸ್ತಿ. ಕಾಲಿನ ತುದಿಯ ಗುಂಡು ಸುಮಾರು 2.5 ಸೆಂ.ಮೀ. ಅಗಲ. ಅಂದರೆ ಒಂದು ಚದರ ಸೆಂ.ಮೀ.ಗೆ ಮೂರೂವರೆ ಕೆಜಿ. ಅದೇ ಮನುಷ್ಯ ಶೂ ಹಾಕಿ ನಿಂತರೆ 200 ಗ್ರಾಮೂ ಇಲ್ಲ. ನಿಮ್ಮ ಕಾಲು ಹೂಳದ ನೆಲದಲ್ಲಿ ಕುರ್ಚಿಯ ಕಾಲು ಹೂಳುವುದು ಇದಕ್ಕೇ. ನಾಲ್ಕೂ ಒಟ್ಟಿಗೆ ಹೂಳುವುದೂ ಇಲ್ಲ. ಒಂದು ಮೊದಲು ಹೂಳುತ್ತದೆ, ನೀವು ಆ ಬದಿಗೆ ಬೀಳುತ್ತೀರಿ.

ಕಾಸರಗೋಡಿನ ಗುಡ್ಡಗಳಲ್ಲಿ ನೆಲ ಹತ್ತು ಹೆಜ್ಜೆಗೊಂದು ಬಗೆ. ಹಾಗಾಗಿ ಒಂದೊಂದನ್ನೂ ಬೇರೆಯಾಗಿ ಹೇಳುತ್ತೇನೆ.

ಮುರಕಲ್ಲಿನ (ಕೆಂಪುಕಲ್ಲಿನ) ಪಾರೆ. ಪೊಸಡಿಗುಂಪೆ, ಬಾಯಾರು, ಪೆರ್ಲ ಕಡೆಯ ಬೋಳು ಗುಡ್ಡಗಳೆಲ್ಲ ಇದೇ. ಲ್ಯಾಟರೈಟ್ ಅನ್ನುವ ಹೆಸರನ್ನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಕೊಟ್ಟದ್ದು ಕೇರಳದ ಅಂಗಾಡಿಪುರದ ಇಂಥದೇ ಕಲ್ಲು ನೋಡಿ. ಒಳಗೆ ಕತ್ತಿಯಿಂದ ಕಡಿಯುವಷ್ಟು ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಇಲ್ಲಿ ಕುರ್ಚಿ ಹೂಳುವುದಿಲ್ಲ, ಜಾರುತ್ತದೆ. ಮೇಲೆ ಸಣ್ಣ ಹರಳು ಹರಡಿರುತ್ತದೆ. ಗೋಲಿಯ ಮೇಲೆ ಕುರ್ಚಿ ಇಟ್ಟ ಹಾಗೆ. ಮೊದಲು ಶೂವಿನಿಂದ ಹರಳನ್ನು ಬದಿಗೆ ಸರಿಸಿ, ಮುಷ್ಟಿಯಷ್ಟು ಅಗಲಕ್ಕೆ ನಾಲ್ಕು ಕಡೆ. ನಾನು ಹಳೆಯ ಹವಾಯಿ ಚಪ್ಪಲಿಯಿಂದ 6 ಸೆಂ.ಮೀ.ಯ ನಾಲ್ಕು ಚೌಕ ಕತ್ತರಿಸಿ, ನಡುವೆ ಅರ್ಧ ಆಳಕ್ಕೆ ಗುಂಡಿ ತೋಡಿದ್ದೇನೆ. ಕುರ್ಚಿಯ ಕಾಲು ಆ ಗುಂಡಿಯಲ್ಲಿ ಕೂರುತ್ತದೆ. ಕಲ್ಲಿನ ಮೇಲೆ ಜಾರುವುದಿಲ್ಲ. ನಾಲ್ಕನ್ನೂ ಒಂದು ದಾರದಲ್ಲಿ ಪೋಣಿಸಿದರೆ ಕಳೆದುಹೋಗುವುದಿಲ್ಲ.

ಪಾರೆಯಲ್ಲಿ ಇನ್ನೊಂದು ಎಚ್ಚರ. ಗುಡ್ಡದ ಬದಿಗಳಲ್ಲಿ ಕೆಂಪುಕಲ್ಲು ಕಡಿದ ಕೋರೆಗಳಿವೆ. ಗೋಡೆಯ ಹಾಗೆ ನೆಟ್ಟಗೆ ಕಡಿದಿರುತ್ತಾರೆ, ಅಂಚಿಗೆ ಹುಲ್ಲು ಬೆಳೆದು ಕಾಣುವುದಿಲ್ಲ. ನೀರಿಗಾಗಿ ಕೊರೆದ ಸುರಂಗಗಳೂ ನಮ್ಮ ಗುಡ್ಡಗಳಲ್ಲಿವೆ. ಮುಳಿಹುಲ್ಲು ಎತ್ತರ ಬೆಳೆದ ಕಡೆ ಕೋಲಿನಿಂದ ತಟ್ಟಿ ನೋಡದೆ ಕುರ್ಚಿ ಬಿಡಿಸಬೇಡಿ. ಯಾವ ಅಂಚಿನಿಂದಲೂ ಕನಿಷ್ಠ ಎರಡು ಆಳಿನಷ್ಟು ದೂರ ಇರಲಿ. ಕುರ್ಚಿ ಮಗುಚಿದರೆ ಹಿಂದಕ್ಕೆ ಒಂದು ಆಳಿನಷ್ಟು ಬೀಳುತ್ತೀರಿ, ಉರುಳಲು ಇನ್ನೊಂದು ಆಳು.

ಮಳೆಗಾಲ ಮುಗಿಯುವ ಹೊತ್ತು. ಓಣಂ ಸಮಯದಲ್ಲಿ ಪಾರೆಯ ಮೇಲೆ ಬೆರಳಿನಷ್ಟು ದಪ್ಪದ ಒದ್ದೆ ಮಣ್ಣಿನಲ್ಲಿ ನೀಲಿ ಹೂ ಹಾಸಿಕೊಂಡಿರುತ್ತದೆ, ಮಲಯಾಳದಲ್ಲಿ ಕಾಕ್ಕಪೂವು ಅನ್ನುತ್ತಾರೆ. ಸಣ್ಣ ಹುಳಗಳನ್ನು ಹಿಡಿದು ತಿನ್ನುವ ಗಿಡ ಅದು. ವರ್ಷದಲ್ಲಿ ಕೆಲವು ವಾರ ಮಾತ್ರ ಕಾಣುತ್ತದೆ. ಅದರ ಮೇಲೆ ಕುರ್ಚಿ ಇಡಬೇಡಿ, ದಯವಿಟ್ಟು. ಚಂದದ ಫೋಟೋ ಬರುತ್ತದೆ ಅಂತ ಅದರ ನಡುವೆಯೇ ಕೂರುವವರನ್ನು ನೋಡಿ ನನಗೆ ತುಂಬ ಸಂಕಟವಾಗಿದೆ. ಪಕ್ಕದ ಬೋಳು ಕಲ್ಲಿನ ಮೇಲೆ ಇಟ್ಟು ಕೂತರೆ ಹೂ ಪೂರ್ತಿ ಕಣ್ಣ ಮುಂದೆಯೇ ಇರುತ್ತದೆ, ಅಲ್ವಾ?

ಹುಲ್ಲಿನ ಇಳಿಜಾರು. ರಾಣಿಪುರಂ ತುದಿಯ ಹಾಗೆ. ಪೂರ್ತಿ ಮಟ್ಟ ಜಾಗ ಸಿಕ್ಕುವುದು ಕಷ್ಟ. ಸ್ವಲ್ಪ ಇಳಿಜಾರಾದರೆ ಮುಖ ಇಳಿಜಾರಿನ ಕಡೆಗೆ, ಬೆನ್ನು ಏರಿನ ಕಡೆಗೆ ಮಾಡಿ ಕೂರಿ. ಹಿಮ್ಮಡಿ ಊರಿ ಹಿಡಿದುಕೊಳ್ಳಬಹುದು. ಏರಿನ ಕಡೆಗೆ ಮುಖ ಮಾಡಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ತಲೆ ಕೆಳಗೆ ಹೋಗುತ್ತದೆ. ಅಡ್ಡಕ್ಕೆ ಕೂತರೆ ಬದಿಗೆ ಉರುಳುತ್ತದೆ. ತಗ್ಗಿನ ಕಡೆಯ ಕಾಲಿಗೆ ಕಲ್ಲು ಪೇರಿಸಿ ಮಟ್ಟ ಮಾಡುವವರಿದ್ದಾರೆ. ಒಂದು ಸಲ ಮಿಸುಕಿದರೆ ಕಲ್ಲು ಜಾರಿತು. ಅದರ ಬದಲು ಏರಿನ ಕಡೆಯ ಎರಡು ಕಾಲನ್ನು ಒಂದೆರಡು ಅಂಗುಲ ಮಣ್ಣಿಗೆ ಒತ್ತಿ. ನೀವು ನಿಂತರೇ ಜಾರುವಷ್ಟು ಇಳಿಜಾರಿದ್ದರೆ ಕುರ್ಚಿ ಬಿಡಿಸಲೇಬೇಡಿ.

ಮರಳು ಮತ್ತು ಕೆಸರು. ಬೇಕಲದ ಕಡಲ ಬದಿ, ಕೊಯ್ಲು ಮುಗಿದ ಗದ್ದೆ. ಇಲ್ಲಿ ಕಾಲಿನ ಕೆಳಗೆ ಅಗಲ ಬೇಕು. ಕಾಲಿಗೆ ಹಾಕುವ ದೊಡ್ಡ ಗುಂಡುಗಳು ಅಂಗಡಿಯಲ್ಲಿ ಸಿಗುತ್ತವೆ. ಟೆನಿಸ್ ಚೆಂಡಿಗೆ ಸೀಳು ಹಾಕಿ ತೊಡಿಸುವವರೂ ಇದ್ದಾರೆ. ನಮ್ಮಲ್ಲಿ ತೆಂಗಿನ ಗೆರಟೆಗೆ (ಚಿಪ್ಪಿಗೆ) ಬರ ಇಲ್ಲ. ನಾಲ್ಕು ಅರ್ಧ ಗೆರಟೆಯನ್ನು ಬಾಯಿ ಮೇಲೆ ಮಾಡಿ ಮರಳಿಗೆ ಒತ್ತಿ, ಅದರೊಳಗೆ ಕುರ್ಚಿಯ ಕಾಲು ಇಡಿ. ಸ್ವಲ್ಪ ಇಳಿದು ನಿಲ್ಲುತ್ತದೆ, ಆಮೇಲೆ ಅಲುಗುವುದಿಲ್ಲ. ಕಲ್ಲಿನ ಮೇಲೆ ಮಾತ್ರ ಇದು ಬೇಡ, ಒಡೆಯುತ್ತದೆ.

ಕಾಡಿನ ನೆಲ. ರಾಣಿಪುರಂನಲ್ಲಿ ಹುಲ್ಲುಗಾವಲಿಗೆ ಮೊದಲು ದಟ್ಟ ಕಾಡಿನ ಏರು ಇದೆ. ಮಳೆಗಾಲದಲ್ಲೂ ಅದರ ನಂತರದ ತಿಂಗಳುಗಳಲ್ಲೂ ಅಲ್ಲಿ ಜಿಗಣೆ. ಕುರ್ಚಿಯಲ್ಲಿ ಕೂತರೆ ಜಿಗಣೆ ಬರುವುದಿಲ್ಲ ಅಂತ ತಿಳಿಯಬೇಡಿ. ಅದು ಕುರ್ಚಿಯ ಕಾಲನ್ನೂ ಹತ್ತುತ್ತದೆ, ಶೂವನ್ನೂ ಹತ್ತುತ್ತದೆ. ತರಗೆಲೆ ಇರುವ ನೆರಳಿನಲ್ಲಿ ನಿಲ್ಲಲೇಬೇಡಿ, ಉಸಿರು ಹತ್ತಿದರೂ ಮೆಲ್ಲ ನಡೆಯುತ್ತಿರಿ. ಬಿಸಿಲು ಬೀಳುವ ಒಣ ಜಾಗ ಬಂದ ಮೇಲೆ ಕುರ್ಚಿ ಬಿಡಿಸಿ. ಕಚ್ಚಿದ ಜಿಗಣೆಯನ್ನು ಎಳೆಯದೆ, ಉಗುರನ್ನು ಅದರ ಬಾಯಿಯ ಪಕ್ಕ ಜಾರಿಸಿ ಬಿಡಿಸಿ. ಅದು ಆನೆ ಓಡಾಡುವ ಕಾಡು ಕೂಡ. ಅರಣ್ಯ ಇಲಾಖೆಯವರು ಗುರುತು ಮಾಡಿದ ದಾರಿ ಬಿಟ್ಟು, ಕೂರಲು ಚಂದದ ಜಾಗ ಹುಡುಕಿಕೊಂಡು ಒಳಗೆ ಹೋಗಬಾರದು. ಹಸಿ ಲದ್ದಿ ಕಂಡಲ್ಲಿ ಕೂರುವ ಯೋಚನೆಯೇ ಬೇಡ.

ಮರದ ಕೆಳಗೆ ಇಡುವ ಮೊದಲು ಒಮ್ಮೆ ಮೇಲೆ ನೋಡಿ. ತೆಂಗಿನ ಮರದ ಕೆಳಗೆ ಎಂದೂ ಬೇಡ. ಅಡಿಕೆ ತೋಟದಲ್ಲಿ ಸೋಗೆ ಬೀಳುತ್ತದೆ. ಮೇ ತಿಂಗಳಲ್ಲಿ ಹಲಸಿನ ಮರದ ಕೆಳಗೂ ಬೇಡ. ಗೇರು ಮರದ ನೆರಳು ತಂಪು, ಆದರೆ ಎಲೆ ಹೊಲಿದು ಗೂಡು ಮಾಡುವ ಚಗಳಿ ಇರುವೆಗೆ ಆ ಮರ ಇಷ್ಟ.

ಗಾಳಿಯ ವಿಷಯ ಹೇಳಲೇಬೇಕು. ಬೋಳು ಗುಡ್ಡದ ತುದಿಯಲ್ಲಿ ಸಂಜೆ ಕಡಲ ಗಾಳಿ ಜೋರು. ನೀವು ಎದ್ದ ಕ್ಷಣ ಅರ್ಧ ಕೆಜಿಯ ಕುರ್ಚಿ ಗಾಳಿಪಟ. ಏಳುವ ಮೊದಲು ಚೀಲವನ್ನು ಸೀಟಿನ ಮೇಲೆ ಇಡಿ, ಇಲ್ಲವೇ ಕುರ್ಚಿಯನ್ನು ಕವುಚಿ ಹಾಕಿ.

ಏಪ್ರಿಲ್–ಮೇ ಮತ್ತು ಅಕ್ಟೋಬರ್ ಮಧ್ಯಾಹ್ನದ ಮೇಲೆ ಗುಡುಗು ಸಾಮಾನ್ಯ. ಗುಡುಗಿನ ಸದ್ದು ಕಿವಿಗೆ ಬಿತ್ತು ಅಂದರೆ ನೀವು ಸಿಡಿಲು ಬಡಿಯುವ ದೂರದಲ್ಲೇ ಇದ್ದೀರಿ. ಬೋಳು ಗುಡ್ಡದಲ್ಲಿ ಎಲ್ಲಕ್ಕಿಂತ ಎತ್ತರ ನೀವೇ. ಕುರ್ಚಿ ಮಡಚಲು ಎರಡು ನಿಮಿಷ ಬೇಕಾದರೆ ಅದನ್ನು ಅಲ್ಲೇ ಬಿಟ್ಟು ಇಳಿಯಿರಿ.

ಯಾವಾಗ, ಹೇಗೆ ಕೂರುವುದು

ಕಡಿದಾದ ಏರು ಮುಗಿದ ಕೂಡಲೇ ಕುಸಿದು ಕೂರಬೇಡಿ. ಏರುವಾಗ ಕಾಲಿನ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಒಮ್ಮೆಲೇ ನಿಂತರೆ ರಕ್ತ ಕಾಲಿನಲ್ಲೇ ನಿಂತು ತಲೆ ತಿರುಗಬಹುದು. ಎರಡು ನಿಮಿಷ ಮೆಲ್ಲ ಅಡ್ಡಾಡಿ, ಕುರ್ಚಿ ಜೋಡಿಸಿ, ಆಮೇಲೆ ಕೂರಿ.

ಪ್ರತಿ ಸಲ ನಿಂತಾಗಲೂ ಕುರ್ಚಿ ತೆಗೆಯುವ ಅಗತ್ಯ ಇಲ್ಲ. ನಾನು 50 ನಿಮಿಷ ನಡೆದು ಐದು ನಿಮಿಷ ನಿಲ್ಲುತ್ತೇನೆ, ಕೋಲು ಊರಿಕೊಂಡೇ. ಕುರ್ಚಿ ತೆಗೆಯುವುದು ಊಟಕ್ಕೆ ಅಥವಾ ತುದಿಯಲ್ಲಿ. ವಯಸ್ಸಾದವರು ಜೊತೆಗಿದ್ದರೆ ಈ ಲೆಕ್ಕ ಇಲ್ಲ, ಅವರು ಕೇಳುವ ಮೊದಲೇ ತೆಗೆದಿಡಿ. ಕೇಳಲು ಅವರಿಗೆ ಸಂಕೋಚ ಇರುತ್ತದೆ.

ತೊಟ್ಟಿಲಿನಂಥ ಸೀಟಿನಲ್ಲಿ ಸೊಂಟ ಹಿಂದಕ್ಕೆ ಬಾಗುತ್ತದೆ. ಮೊದಲು ಹಿತ, 15 ನಿಮಿಷದ ಮೇಲೆ ನೋವು. ಬೈರಾಸನ್ನು ಮುಂಗೈ ದಪ್ಪಕ್ಕೆ ಸುತ್ತಿ ಸೊಂಟದ ಹಿಂದೆ, ಬೆಲ್ಟ್ ಕಟ್ಟುವ ಜಾಗಕ್ಕಿಂತ ಸ್ವಲ್ಪ ಮೇಲೆ ಇಡಿ. ನಂಬಿ, ಕುರ್ಚಿಯೇ ಬೇರೆಯಾದ ಹಾಗೆ ಅನಿಸುತ್ತದೆ. ಶೂ ಬಿಚ್ಚಿ, ಕಾಲನ್ನು ಚೀಲದ ಮೇಲೆ ಚಾಚಿ. ಪಾದದ ಬಾವು ಇಳಿಯುತ್ತದೆ, ಸಾಕ್ಸೂ ಒಣಗುತ್ತದೆ. ಮತ್ತೆ ಶೂ ಹಾಕುವ ಮೊದಲು ಕೊಡವಲು ಮರೆಯಬೇಡಿ. ಸೀಟಿನ ಅಂಚು ತೊಡೆಯ ಕೆಳಗೆ ಒತ್ತಿ ಕಾಲು ಜೋಮು ಹಿಡಿದರೆ ಪಾದದ ಕೆಳಗೆ ಚಪ್ಪಟೆ ಕಲ್ಲು ಇಡಿ. ಅರ್ಧ ಗಂಟೆಗಿಂತ ಜಾಸ್ತಿ ಕೂರುವುದಾದರೆ ನಡುವೆ ಒಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬೆವರು ಆರಿದ ಮೈಗೆ ಗಾಳಿ ತಾಗಿದರೆ ಸ್ನಾಯು ಸೆಟೆಯುತ್ತದೆ, ಮೇಲೊಂದು ಬಟ್ಟೆ ಹಾಕಿಕೊಳ್ಳಿ.

ಯಾರಿಗಾದರೂ ಕಣ್ಣು ಕತ್ತಲೆ ಬಂದರೆ, ಬಿಸಿಲಿಗೆ ಬಳಲಿ ತಲೆ ತಿರುಗಿದರೆ, ಅವರನ್ನು ಕುರ್ಚಿಯಲ್ಲಿ ಕೂರಿಸಬೇಡಿ. ಎಲ್ಲರೂ ಪ್ರೀತಿಯಿಂದ ಮಾಡುವ ತಪ್ಪು ಇದು. ಕೂತರೆ ತಲೆ ಮೇಲೆ, ಕಾಲು ಕೆಳಗೆ, ರಕ್ತ ಇನ್ನೂ ಕೆಳಗೆ ಇಳಿಯುತ್ತದೆ. ನೆರಳಿನಲ್ಲಿ ನೆಲದ ಮೇಲೆ ಮಲಗಿಸಿ, ಕಾಲನ್ನು ಚೀಲದ ಮೇಲೆ ಎತ್ತಿಡಿ. ಮೈಗೆ ನೀರು ಹಚ್ಚಿ ಗಾಳಿ ಹಾಕಿ. ಪೂರ್ತಿ ಎಚ್ಚರ ಇದ್ದರೆ ಮಾತ್ರ ಗುಟುಕು ಗುಟುಕಾಗಿ ನೀರು ಕೊಡಿ. ಎದೆನೋವು, ಉಸಿರಾಟದ ತೊಂದರೆ ಆದರೆ ಬೇರೆ. ಅವರನ್ನು ಮಲಗಿಸದೆ ಬೆನ್ನಿಗೆ ಆಸರೆ ಕೊಟ್ಟು ಅರೆ ಕೂತ ಹಾಗೆ ಇರಿಸಿ, 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ.

ಕುರ್ಚಿ ಇಲ್ಲದಿದ್ದರೆ: ಹಾಳೆ ಮತ್ತು ಲುಂಗಿ

ದುಡ್ಡು ಕೊಟ್ಟು ಕುರ್ಚಿ ತರಲು ಆಗದವರಿಗೂ ದಾರಿ ಇದೆ. ಅಡಿಕೆ ಹಾಳೆ ಇದೆಯಲ್ಲ, ತಲೆಗೆ ಇಡುವ ಮುಟ್ಟಾಳೆ ಮಾಡುವ ಅದೇ ಹಾಳೆ. ಒಣಗಿದ್ದಾದರೆ ಕಾಲು ಗಂಟೆ ನೀರಿನಲ್ಲಿ ನೆನೆಸಿ, ಚಪ್ಪಟೆ ಮಾಡಿ, ಕಲ್ಲು ಹೇರಿ ಒಣಗಿಸಿ. ಎರಡು ಕೈಯಗಲಕ್ಕೆ ಕತ್ತರಿಸಿ ಚೀಲದ ಬೆನ್ನಿನ ಕಡೆಗೆ ಸೇರಿಸಿದರೆ ಚೀಲಕ್ಕೂ ಗಟ್ಟಿ ಬೆನ್ನಾಯಿತು, ನಿಮಗೂ ಕೂರಲು ಹಾಸಾಯಿತು. ಒದ್ದೆ ತಾಗುವುದಿಲ್ಲ, ಹರಳು ಚುಚ್ಚುವುದಿಲ್ಲ.

ಬೆನ್ನಿಗೆ ಲುಂಗಿ. ಶಬರಿಮಲೆ ಅಯ್ಯಪ್ಪನ ಚಿತ್ರದಲ್ಲಿ, ಯೋಗನರಸಿಂಹನ ಮೂರ್ತಿಯಲ್ಲಿ ಮೊಣಕಾಲಿಗೆ ಸುತ್ತಿದ ಪಟ್ಟಿ ನೋಡಿದ್ದೀರಲ್ಲ, ಯೋಗಪಟ್ಟ ಅನ್ನುತ್ತಾರೆ. ಅದೇ ಉಪಾಯ. ಹಾಳೆಯ ಮೇಲೆ ಕೂತು ಮೊಣಕಾಲು ಮಡಚಿ ಎತ್ತಿ. ಲುಂಗಿಯನ್ನು ಒಂದು ಗೇಣು ಅಗಲಕ್ಕೆ ಮಡಚಿ, ಸೊಂಟದ ಹಿಂದಿನಿಂದ ತಂದು ಮೊಣಕಾಲಿನ ಸ್ವಲ್ಪ ಕೆಳಗೆ ಸುತ್ತಿ ಗಂಟು ಹಾಕಿ. ಈಗ ಹಿಂದೆ ಒರಗಿ. ಕಾಲು ಬೆನ್ನನ್ನು ಹಿಡಿಯುತ್ತದೆ, ಬೆನ್ನು ಕಾಲನ್ನು ಹಿಡಿಯುತ್ತದೆ. ಸ್ನಾಯುವಿಗೆ ಕೆಲಸವೇ ಇಲ್ಲ. ಕಾಲಿಲ್ಲದ ಕುರ್ಚಿಯ ಪಟ್ಟಿ ಮಾಡುವುದೂ ಇದನ್ನೇ. ಗಂಟು ಎಳೆದರೆ ಬಿಚ್ಚುವಂತಿರಲಿ. ಇಳಿಜಾರಿನಲ್ಲಿ ಮಾತ್ರ ಇದನ್ನು ಮಾಡಬೇಡಿ, ಕಾಲು ಕಟ್ಟಿಕೊಂಡಿರುವಾಗ ಜಾರಿದರೆ ತಡೆಯಲು ಆಗುವುದಿಲ್ಲ.

ಮನೆಗೆ ಬಂದ ಮೇಲೆ

ಕಡಲ ಬದಿಗೆ ಹೋಗಿದ್ದರೆ ಅದೇ ದಿನ ಕುರ್ಚಿಯನ್ನು ಬಾವಿ ನೀರಿನಲ್ಲಿ ತೊಳೆಯಿರಿ. ಉಪ್ಪು ಅಲ್ಯೂಮಿನಿಯಂ ತಿನ್ನುತ್ತದೆ, ಬಿಳಿ ಹುಡಿ ಕಂಡರೆ ಅದು ಶುರುವಾಗಿದೆ ಅಂತ ಅರ್ಥ. ಕೋಲಿನ ಸಂದಿಯ ಮರಳನ್ನು ಒಣಬಟ್ಟೆಯಿಂದ ಒರೆಸಿ. ಎಣ್ಣೆ ಹಚ್ಚಬೇಡಿ, ಮತ್ತಷ್ಟು ಮರಳು ಅಂಟುತ್ತದೆ. ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ನೂಲು ಬೇಗ ಜೀರ್ಣವಾಗುತ್ತದೆ.

ಕಿಸೆಯ ಹೊಲಿಗೆ ಒಂದು ಸಲ ನೋಡಿ. ಒಂದೆರಡು ನೂಲು ಬಿಟ್ಟಿದ್ದರೆ ಅವತ್ತೇ ನೈಲಾನ್ ದಾರದಲ್ಲಿ ಹಾಕಿಬಿಡಿ. ದಪ್ಪ ಸೂಜಿ, ಒಂದು ಮೀಟರ್ ದಾರ, ನೀರಿನ ಬಾಟಲಿಗೆ ಸುತ್ತಿದ ಸ್ವಲ್ಪ ಗಟ್ಟಿ ಟೇಪು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಕೋಲು ಸೀಳಿದರೆ ಪಕ್ಕಕ್ಕೆ ಗಟ್ಟಿ ಕಡ್ಡಿ ಇಟ್ಟು ಟೇಪು ಸುತ್ತಿ, ಆದರೆ ಅದರ ಮೇಲೆ ಕೂರಬೇಡಿ, ಚೀಲ ಇಡಲು ಮಾತ್ರ. ಒಳಗಿನ ಹುರಿ ಸಡಿಲವಾದರೆ ಬದಲಿಸಬಹುದು, ಅದೇ ದಪ್ಪದ ಎಲಾಸ್ಟಿಕ್ ಹುರಿ ಸಾಕು.

ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಎಲ್ಲಕ್ಕೂ ಬೂಸು ಹಿಡಿಯುವ ಕಾಲ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ಊರು ಇದು. ಆಗ ಕುರ್ಚಿಯನ್ನು ಅದರ ಚೀಲದಲ್ಲಿ ಕಟ್ಟಿ ಕಪಾಟಿನೊಳಗೆ ಇಟ್ಟರೆ ಓಣಂ ಹೊತ್ತಿಗೆ ಕಪ್ಪು ಚುಕ್ಕೆ. ಬಟ್ಟೆಯನ್ನು ಕೋಲಿನಿಂದ ಬಿಚ್ಚಿ, ಜಗಲಿಯ ಮೊಳೆಗೆ ಗಾಳಿ ಆಡುವ ಹಾಗೆ ತೂಗು ಹಾಕಿ. ಕೋಲುಗಳನ್ನು ಬಿಗಿಯಾಗಿ ಕಟ್ಟದೆ ಪಕ್ಕದಲ್ಲೇ ಒರಗಿಸಿಡಿ. ನಮ್ಮ ಮನೆಯಲ್ಲಿ ಅದು ಅಮ್ಮನ ಊರುಗೋಲಿನ ಪಕ್ಕದಲ್ಲಿರುತ್ತದೆ. ಮಳೆ ಬಿಟ್ಟ ಮೊದಲ ವಾರವೇ ಅವರು ಅದನ್ನು ಒರೆಸಿ ಇಡುತ್ತಾರೆ.